ಟ್ರಂಕು ತೆರೆಯುವ ಮೊದಲು

ಸ್ಯಾನ್ ರಮೋನ್
ಭಾನುವಾರ, 21 ಸೆಪ್ಟೆಂಬರ್ 2025

ಪ್ರೀತಿಯ ಅವ್ವ,

ಒಂದು ಮಾತನ್ನು ಬಿಟ್ಟೇ ಈ ಕಾಗದ ಬರೆದು ಮುಗಿಸಿದ್ದೆ. ಹೋದ ಭಾನುವಾರ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಕಾರಿನಲ್ಲಿಟ್ಟುಕೊಂಡು ಐದು ದಿನ ಓಡಾಡಿದೆ. ಆಫೀಸಿಗೆ ಹೋಗುವ ದಾರಿಯಲ್ಲೇ ಅಂಚೆ ಡಬ್ಬಿ ಇದೆ. ದಿನಾ ಅದರ ಮುಂದೆಯೇ ಹೋದೆ, ದಿನಾ ಅದರ ಮುಂದೆಯೇ ಬಂದೆ. ಶುಕ್ರವಾರ ಮನೆಗೆ ಬಂದು ಲಕೋಟೆಯನ್ನು ನಾನೇ ಹರಿದೆ. ಒಳಗೆ ಎಲ್ಲ ಸುದ್ದಿಯೂ ಇತ್ತು, ಹೇಳಬೇಕಾದದ್ದು ಮಾತ್ರ ಇರಲಿಲ್ಲ. ಇದು ಎರಡನೆಯ ಸಲ ಬರೆಯುತ್ತಿರುವುದು. ತಡವಾದದ್ದಕ್ಕೆ ಸಿಟ್ಟಾಗಬೇಡ.

ದೊಡ್ಡ ಅಕ್ಷರದಲ್ಲಿ, ಸಾಲು ಬಿಟ್ಟು ಸಾಲು ಬರೆದಿದ್ದೇನೆ. ಒಂದೇ ಬೈಠಕ್ಕಿಗೆ ಓದಿ ಮುಗಿಸಬೇಕೆಂದು ಹಟ ಹಿಡಿಯಬೇಡ. ದಿನಕ್ಕೊಂದು ಹಾಳೆ ಓದು. ನನ್ನ ಕನ್ನಡ ಶಾಲೆಯಲ್ಲಿ ಮೂರನೆಯ ಭಾಷೆಯಾಗಿ ಕಲಿತದ್ದು. ತಪ್ಪು ಕಂಡರೆ ಕೆಂಪು ಗೆರೆ ಎಳೆಯಲು ಈಗ ನಿನಗೆ ಅಧಿಕಾರವಿದೆ.

ನಿನ್ನ ಕಾಗದ ಈ ತಿಂಗಳ ನಾಲ್ಕಕ್ಕೆ ಬಂತು. ಸಂಜೆ ಡಬ್ಬಿ ತೆರೆದಾಗ ಕರೆಂಟು ಬಿಲ್ಲು, ಯಾವುದೋ ಪಿಜ್ಜಾ ಅಂಗಡಿಯ ಜಾಹೀರಾತು, ಅವೆರಡರ ನಡುವೆ ಹುಬ್ಬಳ್ಳಿಯ ಮುದ್ರೆ. ವಿಳಾಸ ಬರೆದದ್ದು ನಿನ್ನ ಎದುರು ಮನೆಯ ಮರಿತಾಯಮ್ಮ ಟೀಚರ್ ಎಂದು ಗೊತ್ತಾಯಿತು, ಅಷ್ಟು ಓರಣದ ಇಂಗ್ಲಿಷು. ಒಳಗೆ ಎರಡು ಗೆರೆಯ ಕಾಪಿ ಪುಸ್ತಕದ ಹಾಳೆ, ಪೆನ್ಸಿಲಿನಲ್ಲಿ ಒತ್ತಿ ಬರೆದ ಅಕ್ಷರ. ಗ್ಯಾರೇಜಿನ ಬಾಗಿಲಲ್ಲಿ ನಿಂತೇ ಓದಿದೆ.

"ಸ್ನೇಹಲಗ ಅವ್ವನ ಆಶೀರ್ವಾದ. ಇದು ನಾನ ಬರದದ್ದು. ಟೀಚರ್ ಬಾಜೂಕ ಕುಂತಾರ ಖರೆ, ಕೈ ಹಿಡದಿಲ್ಲ. ಒತ್ತು ತಪ್ಪಿದ್ರ ನಗಬ್ಯಾಡ. ಗುರುಕಿರಣಗ ಇನ್ನೂ ಹೇಳಿಲ್ಲ. ಅಕ್ಕನ ಕಾಗದ ಎಲ್ಲಾ ಟ್ರಂಕಿನ್ಯಾಗ ಅದಾವು. ದೀಪಾವಳಿ ಮುಗೀಲಿ, ಒಂದೊಂದ ತಗದು ನಾನ ಓದಾಕಿ. ಡಿಸೆಂಬರದಾಗ ಬಾ."

ಎಪ್ಪತ್ಮೂರು ವರ್ಷದ ನನ್ನ ಅವ್ವ ಬರೆದ ಮೊದಲ ಕಾಗದ. ಒಂದು ವರ್ಷದಿಂದ ನೀನು ಮಧ್ಯಾಹ್ನ ಎದುರು ಮನೆಗೆ ಹೋಗುತ್ತಿದ್ದುದು ಅಕ್ಷರ ಕಲಿಯಲು ಅಲ್ಲ, ಶೇಂಗಾ ಸುಲಿಯಲು ಎಂದು ತಮ್ಮ ಗುರುಕಿರಣ ನಂಬಿದ್ದಾನಲ್ಲ! "ಅವ್ವ ಅದೆಷ್ಟ ಶೇಂಗಾ ಸುಲೀತಾಳೋ, ಆ ಟೀಚರಮ್ಮ ಎಣ್ಣೀ ಗಾಣ ಇಟ್ಟಾರೇನು" ಎಂದು ನನಗೆ ಫೋನಿನಲ್ಲಿ ಹೇಳಿ ನಕ್ಕಿದ್ದ. ನಗಲಿ ಬಿಡು.

ಇಳಾ ಬಂದಾಗ ಹಾಳೆಯನ್ನು ಅವಳ ಕೈಗೆ ಕೊಟ್ಟೆ. ಹದಿನೈದು ವರ್ಷದ ಹುಡುಗಿ, ಯಾವುದಕ್ಕೂ ಬೆರಗಾಗುವುದಿಲ್ಲ ಎಂದು ಶಪಥ ಮಾಡಿದ ಹಾಗಿರುತ್ತಾಳೆ. "ವೇಟ್. ಅಜ್ಜಿ ರೋಟ್ ದಿಸ್? ಹರ್‌ಸೆಲ್ಫ್?" ಎಂದು ಎರಡು ಸಲ ಕೇಳಿದಳು. ಆಮೇಲೆ ಹಾಳೆಯನ್ನು ದೀಪದ ಹತ್ತಿರ ಹಿಡಿದು, "ಅಮ್ಮಾ, ಹರ್ ಹ್ಯಾಂಡ್‌ರೈಟಿಂಗ್ ಈಸ್ ಬೆಟರ್ ದ್ಯಾನ್ ಯುವರ್ಸ್" ಅಂದಳು. ನನ್ನದಕ್ಕಿಂತ ನಿನ್ನ ಅಕ್ಷರವೇ ಚೆಂದವಂತೆ. ನಿನ್ನ ಅಳಿಯ ಅನುರಾಗ್ ಆ ಹಾಳೆಯ ಫೋಟೋ ತೆಗೆದು ತನ್ನ ಆಫೀಸಿನವರಿಗೆಲ್ಲ ತೋರಿಸಿದ್ದಾರೆ. ನಾನೂ ಕಡಿಮೆ ಇಲ್ಲ. ರೆಡ್‌ವುಡ್ ಸಿಟಿಯ ನಮ್ಮ ಆಫೀಸಿನಲ್ಲಿ ಮೀಟಿಂಗು ಶುರುವಾಗುವ ಮೊದಲು ಹತ್ತು ಜನರ ಮುಂದೆ ಹೇಳಿದೆ. ಅಲ್ಲಿ ಯಾರೂ ಮನೆಯ ಮಾತಾಡುವುದಿಲ್ಲ. ಆದರೂ ಹೇಳಿದೆ, ಅವರೆಲ್ಲ ಎದ್ದು ಚಪ್ಪಾಳೆ ಹೊಡೆದರು. ನಿನಗೆ ಬಂದ ಚಪ್ಪಾಳೆ ಅದು. ನಾನು ಸುಮ್ಮನೆ ತೆಗೆದುಕೊಂಡು ಇಟ್ಟಿದ್ದೇನೆ.

ಇನ್ನು ನಾನು ಶನಿವಾರ ಬರ್ಕ್ಲಿಗೆ ಹೋಗುವ ಸಂಗತಿ. "ಹಳೇ ಕಾಗದ ಓದ್ತೀನಿ" ಎಂದು ಫೋನಿನಲ್ಲಿ ಹೇಳಿದಾಗ ನೀನು, "ಯಾರ ಕಾಗದ? ಅವರು ಸಿಟ್ಟಾಗೂದಿಲ್ಲೇನು?" ಎಂದು ಕೇಳಿದ್ದೆ. ಸಿಟ್ಟಾಗಬೇಕಾದವರು ಸತ್ತು ಇನ್ನೂರು ವರ್ಷವಾಗುತ್ತ ಬಂತು ಅವ್ವ. ಈ ದೇಶ ಇನ್ನೂ ಹೊಸದಾಗಿದ್ದಾಗ, ಪೂರ್ವದ ಕಡೆಯ ಒಂದು ಹಳ್ಳಿಯಲ್ಲಿದ್ದ ವಿಟ್ಲೋ ಎಂಬ ಮನೆತನದವರ ಕಾಗದಗಳು. ಅವರ ಮರಿಮಕ್ಕಳು ಯಾರೋ ಕ್ಯಾಲಿಫೋರ್ನಿಯಾಕ್ಕೆ ಬರುವಾಗ ಒಂದು ಪೆಟ್ಟಿಗೆಯಲ್ಲಿ ತುಂಬಿಕೊಂಡು ಬಂದರಂತೆ. ನಮ್ಮಂಥ ಐದಾರು ಜನ ಅಲ್ಲಿಯ ವಿಶ್ವವಿದ್ಯಾಲಯಕ್ಕೆ ಹೋಗಿ, ಪರದೆಯ ಮೇಲೆ ಅವುಗಳ ಚಿತ್ರ ನೋಡುತ್ತ, ಒಂದೊಂದೇ ಸಾಲು ಓದಿ ಟೈಪು ಮಾಡುತ್ತೇವೆ. ಸಂಬಳವಿಲ್ಲ. ವಾರವಿಡೀ ಕಂಪ್ಯೂಟರಿಗೆ ಏನು ಬೇಕೋ ಅದನ್ನು ಬರೆಯುವವಳಿಗೆ ಶನಿವಾರವಾದರೂ ಮನುಷ್ಯರು ಬರೆದದ್ದನ್ನು ಓದಬೇಕು ಅನ್ನಿಸಿತು, ಅಷ್ಟೇ.

ಆ ಕಾಲದ ಕಾಗದಕ್ಕೆ ಲಕೋಟೆ ಇರಲಿಲ್ಲ. ಹಾಳೆಯನ್ನೇ ಮಡಚಿ, ಅರಗಿನಿಂದ ಅಂಟಿಸಿ ಕಳಿಸುತ್ತಿದ್ದರು. ನಮ್ಮ ನೀಲಿ ಇನ್‌ಲ್ಯಾಂಡ್ ಲೆಟರಿನ ಹಾಗೆಯೇ. ತೆರೆಯುವಾಗ ಅರಗಿನ ಜೊತೆ ಒಂದೆರಡು ಮಾತು ಹರಿದು ಹೋಗುತ್ತಿದ್ದವು, ಅದೂ ನಮ್ಮ ಹಾಗೆಯೇ. ಮನೆಗೆ ಬಂದ ಕಾಗದ ಒಬ್ಬರದಲ್ಲ. ಒಲೆಯ ಸುತ್ತ ಎಲ್ಲರೂ ಕುಳಿತು, ನೆರೆಯವರೂ ಬಂದು, ಒಬ್ಬರು ಗಟ್ಟಿಯಾಗಿ ಓದುತ್ತಿದ್ದರು. ಗುಟ್ಟಿನ ಮಾತಿದ್ದರೆ ಬೇರೆ ಚೂರು ಹಾಳೆಯಲ್ಲಿ ಬರೆದು ಒಳಗೆ ಮಡಚಿಡುತ್ತಿದ್ದರು: ಇದು ನಿನ್ನೊಬ್ಬಳಿಗೆ ಎಂದು. ಹೆಣ್ಣುಮಕ್ಕಳಲ್ಲಿ ಅನೇಕರಿಗೆ ಓದಲು ಕಲಿಸುತ್ತಿದ್ದರು, ಬರೆಯಲು ಕಲಿಸುತ್ತಿರಲಿಲ್ಲ. ದೇವರ ಪುಸ್ತಕ ಓದಿದರೆ ಸಾಕು, ಬರೆದು ಏನಾಗಬೇಕು ಎಂದು.

ವಿಟ್ಲೋ ಮನೆಯ ತಾಯಿ ಹನ್ನಾ ಹಾಗೆ ಬರೆಯಲು ಬಾರದವಳು. ದೂರ ಹೋದ ಮಗಳು ಮರ್ಸಿಗೆ ಹದಿನಾಲ್ಕು ವರ್ಷ ಊರಿನ ಮಾಸ್ತರರ ಕೈಯಿಂದ ಬರೆಸಿದ್ದಾಳೆ. ಎಲ್ಲವೂ ಒಂದೇ ಥರ ಶುರು: ದೇವರ ದಯದಿಂದ ನಾವೆಲ್ಲ ಆರೋಗ್ಯ, ಈ ನಾಲ್ಕು ಸಾಲು ತಲುಪುವಾಗ ನೀವೂ ಹಾಗೇ ಇರುತ್ತೀರೆಂದು ನಂಬಿದ್ದೇವೆ. ಮೊದಲ ಸಲ ಓದಿದಾಗ ಜೋರಾಗಿ ನಕ್ಕುಬಿಟ್ಟೆ. "ಇತ್ತ ಕಡೆ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು" ಎಂದು ಜಮಖಂಡಿಯಿಂದ ದೊಡ್ಡವ್ವನ ಕಾಗದ ಬರುತ್ತಿರಲಿಲ್ಲವೇ? ಆ ಮಾತು ಹನ್ನಾಳದೂ ಅಲ್ಲ, ಮಾಸ್ತರರದೂ ಅಲ್ಲ. ಕಾಗದ ಎಂದರೆ ತಾನೇ ಬಂದು ಕೂರುವ ಮಾತು ಅದು.

ಕಳೆದ ತಿಂಗಳು ನನಗೆ ಸಿಕ್ಕ ಕಾಗದದಲ್ಲಿ ಮಾಸ್ತರರ ಬರಹ ಮುಗಿದ ಮೇಲೆ, ಕೆಳಗೆ ಬೇರೆ ಕೈಯ ಒಂದು ಸಾಲಿತ್ತು. ಅಕ್ಷರ ದೊಡ್ಡದು, ಮೇಲೆ ಕೆಳಗೆ ಏರಿಳಿದದ್ದು, ಶಾಯಿ ಹಾಳೆಯ ಹಿಂದಕ್ಕೂ ಇಳಿದಿದೆ. "ಈ ಸಾಲು ನನ್ನ ಕೈಯದು." ಅಷ್ಟೇ. ಹನ್ನಾಗೆ ಆಗ ಅರವತ್ತೊಂದು. ನಮ್ಮ ಕೆಲಸ ನೋಡಿಕೊಳ್ಳುವ ಸಂಯುಕ್ತಾ ಬೆಂಗಳೂರಿನವರು, ಅಲ್ಲೇ ಸಂಶೋಧನೆ ಮಾಡುತ್ತಾರೆ. ನಿನ್ನ ಹಾಳೆಯ ಫೋಟೋ ಅವರಿಗೆ ತೋರಿಸಿದೆ. ಅವರು ಫೋನನ್ನು ಆ ಪರದೆಯ ಪಕ್ಕ ಹಿಡಿದು, "ಒತ್ತಿರೋದು ನೋಡಿ ಸ್ನೇಹಲ್. ಇಬ್ರೂ ಹೇಗೆ ಒತ್ತಿ ಒತ್ತಿ ಬರ್ದಿದಾರೆ" ಅಂದರು. ನನಗೆ ಕಣ್ಣು ತುಂಬಿತು. ಹೆಮ್ಮೆಯಿಂದಲೇ ತುಂಬಿತು ಎಂದು ಹೇಳಿದರೆ ಅರ್ಧ ಮಾತ್ರ ನಿಜ.

ಉಳಿದರ್ಧವನ್ನು ಈಗ ಹೇಳುತ್ತೇನೆ.

ಆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ತಪ್ಪು ಮಾಡಿದ್ದೆ. ಅರಗು ಹರಿದುಕೊಂಡು ಹೋದ ಜಾಗದಲ್ಲಿ "ಆರೋಗ್ಯ" ಎಂದು ಸೇರಿಸಿದ್ದೆ. ಸಂಯುಕ್ತಾ ಕೇಳಿದರು:

"ಇದು ಎಲ್ಲಿಂದ ಬಂತು?"

"ಅಲ್ಲಿ ಸಾಮಾನ್ಯವಾಗಿ ಅದೇ ಬರುತ್ತಲ್ಲ."

"ಬರುತ್ತೆ. ಆದ್ರೆ ಇಲ್ಲಿ ಇಲ್ವಲ್ಲ. ಓದಕ್ಕಾಗ್ಲಿಲ್ಲ ಅಂದ್ರೆ ಓದಕ್ಕಾಗ್ಲಿಲ್ಲ ಅಂತ ಗುರುತು ಹಾಕಿ ಮುಂದೆ ಹೋಗಿ. ಗೆಸ್ಸು ಮಾಡ್ಬೇಡಿ. ಅವ್ರು ಹೇಳದೇ ಇರೋದನ್ನ ಅವ್ರ ಬಾಯಿಗೆ ಹಾಕ್ಬಾರ್ದು."

ಅವರು ಬೈದದ್ದಲ್ಲ, ಎಲ್ಲರಿಗೂ ಹೇಳುವ ನಿಯಮ ಹೇಳಿದ್ದು. ಆದರೆ ಅವತ್ತು ಆರುನೂರ ಎಂಬತ್ತನೇ ನಂಬರಿನ ಫ್ರೀವೇಯಲ್ಲಿ ಮನೆಗೆ ಬರುವಾಗ ನನ್ನ ತಿರುವು ದಾಟಿ ಎರಡು ಎಕ್ಸಿಟ್ ಮುಂದೆ ಹೋಗಿದ್ದೆ. ನಾನು ಹತ್ತನೇ ವಯಸ್ಸಿನಲ್ಲಿ ಮಾಡಿದ್ದು ಅದನ್ನೇ, ಅವ್ವ.

ನಿನಗೆ ನೆನಪಿರಬೇಕು. ರೈಲ್ವೆ ಕ್ವಾರ್ಟರ್ಸಿನ ನಮ್ಮ ಪಡಸಾಲೆ. ಅಪ್ಪ ಗಾರ್ಡ್ ಕೆಲಸದ ಮೇಲೆ ಹೋದರೆ ಮೂರು ದಿನ ಮನೆಯಲ್ಲಿ ಇರುತ್ತಿರಲಿಲ್ಲ. ಸಂಗವ್ವ ದೊಡ್ಡವ್ವನ ಕಾಗದ ಬಂತೆಂದರೆ ನೀನು ಅಪ್ಪನಿಗಾಗಿ ಕಾಯುತ್ತಿರಲಿಲ್ಲ, ನನ್ನನ್ನು ಕೂರಿಸುತ್ತಿದ್ದೆ. ಬಾಜೂ ಮನೆಯ ವೆಂಕಟಮ್ಮ, ಹಿಂದಿನ ಮನೆಯವರು, ಎಲ್ಲರೂ ಅಕ್ಕಿ ಆರಿಸುವ ಮೊರ ಸಮೇತ ಬಂದು ಕೂರುತ್ತಿದ್ದರು. ವೆಂಕಟಮ್ಮ ಒಮ್ಮೆ, "ಕಾನ್ವೆಂಟ್ ಸಾಲಿ ಹುಡುಗಿಗೆ ನಮ್ಮ ಕನ್ನಡ ಎಲ್ಲಿ ಬರಬೇಕ ಬಂಗಾರೆವ್ವ" ಎಂದು ಚುಚ್ಚಿದಾಗ ನೀನು ಸೆರಗು ಸರಿಮಾಡಿಕೊಂಡು, "ಎರಡೂ ಬರ್ತಾವು. ಫಡಫಡ ಓದ್ತಾಳ ನನ್ನ ಮಗಳು. ಓದವಾ" ಅಂದಿದ್ದೆ.

ನನಗೆ ಬರುತ್ತಿರಲಿಲ್ಲ ಅವ್ವ. ಪುಸ್ತಕದ ಅಚ್ಚಿನ ಅಕ್ಷರ ಹೇಗೋ ಬರುತ್ತಿತ್ತು. ದೊಡ್ಡವ್ವ ಹೇಳಿ ಬರೆಸುತ್ತಿದ್ದುದು ಮಗ ಯೋಗಾನಂದಣ್ಣನ ಕೈಯಿಂದ. ಕಾಲೇಜಿನವನ ಅವಸರದ ಬರಹ, ಒತ್ತಕ್ಷರವೆಲ್ಲ ಒಂದರ ಬಾಲ ಇನ್ನೊಂದು ಹಿಡಿದಂತೆ. ನಿನ್ನ ಮುಖ ನೋಡಿದರೆ ಬರುವುದಿಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ. ಬಂದಷ್ಟು ಓದಿ, ಬಾರದ ಕಡೆ ನಾನೇ ಕಟ್ಟಿ ಸೇರಿಸುತ್ತಿದ್ದೆ. "ಮಳೆ ಬೆಳೆ ಚೊಲೊ ಅದಾವು." "ಎಮ್ಮೆ ಕರು ಹಾಕೈತಿ." ದೊಡ್ಡವ್ವನ ಮನೆಯ ಎಮ್ಮೆ ನನ್ನ ಓದಿನಲ್ಲಿ ಎರಡು ವರ್ಷಕ್ಕೆ ಐದು ಸಲ ಕರು ಹಾಕಿತು. ನೀನೂ ಒಮ್ಮೆ, "ಇದೆಂಥಾ ಎಮ್ಮಿ!" ಎಂದು ಬೆರಗಾಗಿದ್ದೆ. ಅದನ್ನು ನೆನೆದು ನಾನು ನಕ್ಕದ್ದೂ ಉಂಟು.

ನಗಲಾಗದ್ದು ಒಂದೇ ಕಾಗದ. ತೊಂಬತ್ತನೇ ಇಸವಿಯ ಜನವರಿಯದು. ಅದನ್ನೂ ಹಾಗೆಯೇ ಓದಿದೆ: ಎಲ್ಲರೂ ಆರಾಮ, ಮಳೆ ಬೆಳೆ ಚೊಲೊ. ನೀನು ಅದನ್ನು ಟ್ರಂಕಿಗೆ ಹಾಕಿದೆ. ಅಪ್ಪ ಬಂದು "ಏನ್ ಬರದಾಳ ನಿಮ್ಮಕ್ಕ?" ಎಂದಾಗ ನೀನು "ಆರಾಮ ಅದಾರಂತ" ಅಂದೆ. ಒಂದು ತಿಂಗಳ ಮೇಲೆ ಬೇರೆಯವರ ಬಾಯಿಂದ ತಿಳಿಯಿತು, ದೊಡ್ಡವ್ವನಿಗೆ ಮಿರಜದಲ್ಲಿ ದೊಡ್ಡ ಆಪರೇಶನ್ ಆಯಿತು ಎಂದು. ನೀನು ಪಡಸಾಲೆಯ ಕಂಬ ಹಿಡಿದು ನಿಂತು, "ಒಡಹುಟ್ಟಿದಾಕಿ. ಒಂದು ಮಾತ ತಿಳಸಲಿಲ್ಲ ನನಗ" ಅಂದೆ. ಅಂದಿನಿಂದ ನೀನು ಬರೆಸಲಿಲ್ಲ. ಅತ್ತ ಕಡೆಯಿಂದಲೂ ಬರಲಿಲ್ಲ. ಮೂವತ್ತೈದು ವರ್ಷ.

ನನ್ನ ಮದುವೆಯಲ್ಲಿ ಯೋಗಾನಂದಣ್ಣ ಒಬ್ಬನೇ ಬಂದಿದ್ದನಲ್ಲ, ಅವತ್ತು ಊಟದ ಸಾಲಿನಲ್ಲಿ ನನ್ನನ್ನು ಬದಿಗೆ ಕರೆದು ಹೇಳಿದ: "ನಿಮ್ಮವ್ವ ಕಲ್ಲು ಮನಸಿನಾಕಿ ಬಿಡವಾ. ಆಪರೇಶನ್ ಅಂತ ಬರದು ಕರದ್ರೂ ಬರಲಿಲ್ಲ. ಆ ಕಾಗದ ಬರದಾಂವ ನಾನ. ಅವ್ವ ಹೇಳಿದ್ದು ಒಂದಕ್ಷರ ಬಿಟ್ಟಿಲ್ಲ." ಬಿಟ್ಟವಳು ನಾನು ಎಂದು ಗೊತ್ತಿದ್ದೂ ಅರಿಶಿನದ ಕೈಯಲ್ಲಿ ಅವನ ಮುಂದೆ ನಿಂತಿದ್ದೆ. ಹೇಳಲಿಲ್ಲ.

ನೀನು ಕಲ್ಲು ಮನಸ್ಸಿನವಳಲ್ಲ, ದೊಡ್ಡವ್ವನೂ ಅಲ್ಲ. ಅವಳು ಕರೆದಿದ್ದಳು. ನಿನಗೆ ತಲುಪಲಿಲ್ಲ. ನಡುವೆ ಇದ್ದದ್ದು ನಾನು. ಟ್ರಂಕಿನಲ್ಲಿ ಆ ಕಾಗದ ನಿನ್ನ ಕೈಗೆ ಸಿಗುವ ಮೊದಲು ಇದನ್ನು ನನ್ನಿಂದಲೇ ನೀನು ತಿಳಿಯಬೇಕು ಎಂದು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು. ಗುರುಕಿರಣ ಯಾವಾಗಲೂ ಸ್ಪೀಕರ್ ಹಾಕಿ ನಡುಮನೆಯಲ್ಲಿಡುತ್ತಾನೆ; ಅಲ್ಲಿ ನಾನು ಮತ್ತೆ "ಎಲ್ಲರೂ ಆರಾಮ" ಎಂದೇ ಹೇಳಿಬಿಡುತ್ತೇನೆ. ಈಗ ನಿನಗೆ ಓದುವವರು ಯಾರೂ ಬೇಕಿಲ್ಲ. ನಿನ್ನ ಕಾಗದ ನಿನ್ನೊಬ್ಬಳದೇ. ಓದಲು ಕಲಿತವಳು ನೀನು, ಅದರಿಂದ ಧೈರ್ಯ ಬಂದದ್ದು ನನಗೆ.

ದೊಡ್ಡವ್ವ ಜಮಖಂಡಿಯಲ್ಲೇ ಇದ್ದಾಳೆ. ಎಪ್ಪತ್ತೊಂಬತ್ತು. ನಡೆದಾಡುತ್ತಾಳೆ, ಕಣ್ಣು ಮಂದವಾಗಿದೆಯಂತೆ. ಡಿಸೆಂಬರಿನಲ್ಲಿ ನಾನೂ ಇಳಾಳೂ ಬರುತ್ತೇವೆ. ನೀನು ಒಪ್ಪಿದರೆ ಮೂವರೂ ಹೋಗೋಣ. ಅಲ್ಲಿಯವರೆಗೆ ಕಾಯುವುದು ಬೇಡ ಅನ್ನಿಸಿದರೆ ನೀನೇ ನಾಲ್ಕು ಸಾಲು ಬರೆದು ಹಾಕು. ನಾನು ಹೇಳುವುದಕ್ಕಿಂತ, ನಿನ್ನ ಕೈಯ ಅಕ್ಷರ ಬಂತೆಂದರೆ ಅವಳಿಗೆ ಬೇರೆಯೇ. ನನ್ನ ತಪ್ಪನ್ನೂ ಅದರಲ್ಲಿ ಬರೆ, ಮುಚ್ಚಬೇಡ.

ಗುರುಕಿರಣನಿಗೆ, ಮಕ್ಕಳಿಗೆ ನನ್ನ ನೆನಪು ಹೇಳು. ಟೀಚರ್ ಅವರ ಪಾದಕ್ಕೆ ನನ್ನ ನಮಸ್ಕಾರ. ಅವರಿಗೆ ಒಂದು ಸೇರು ಶೇಂಗಾ ನಿಜವಾಗಿಯೂ ಸುಲಿದು ಕೊಡು. ನಿನ್ನ ಪೆನ್ಸಿಲು ಸವೆಯುತ್ತಿರಲಿ, ಬೆರಳು ಗಟ್ಟಿಯಾಗಿರಲಿ. ನನ್ನ ತಲೆಯ ಮೇಲೆ ಕೈಯಿಡಬೇಕೋ ಬೇಡವೋ, ಕಾಗದವನ್ನೆಲ್ಲ ಓದಿದ ಮೇಲೆ ನೀನೇ ತೀರ್ಮಾನಿಸು.

ನಿನ್ನ ಮಗಳು,
ಸ್ನೇಹಲ್

ಮತ್ತೆ:

28 ಸೆಪ್ಟೆಂಬರ್, ಭಾನುವಾರ

ಅವ್ವ, ಈ ಚೂರು ಹಾಳೆ ಬೇರೆ. ವಿಟ್ಲೋ ಮನೆಯವರ ಹಾಗೆ ಒಳಗೆ ಮಡಚಿಟ್ಟಿದ್ದೇನೆ. ಮೇಲಿನ ಕಾಗದವನ್ನು ಬೇಕಾದರೆ ಟೀಚರ್ ಮುಂದೆ ಓದು. ಇದನ್ನು ಒಬ್ಬಳೇ ಓದು.

ಮತ್ತೆ ಒಂದು ವಾರ ಆ ಡಬ್ಬಿಯ ಮುಂದೆ ಹೋಗಿ ಬಂದೆ. ಯಾಕೆಂದರೆ ಮೇಲೆ ಬರೆದದ್ದರಲ್ಲಿ ಒಂದು ಸುಳ್ಳು ಇದೆ. ಆ ಜನವರಿಯ ಕಾಗದವನ್ನು ಓದಲಾಗಲಿಲ್ಲ ಎನ್ನುವ ಹಾಗೆ ಬರೆದಿದ್ದೇನೆ. ಎಲ್ಲವೂ ಓದಲಾಗಲಿಲ್ಲ, ನಿಜ. "ಮಿರಜ" ಓದಿದೆ. "ಆಪರೇಶನ್" ಓದಿದೆ. ಕೊನೆಯ ಸಾಲು ಪೂರ್ತಿ ಓದಿದೆ, ಅದರಲ್ಲಿ ಕಷ್ಟದ ಅಕ್ಷರವೇ ಇರಲಿಲ್ಲ: "ಬಂಗಾರಿ, ನೀ ಬಾ. ನೀ ಬಂದರ ನನಗ ಅಂಜಿಕಿ ಇಲ್ಲ."

ಆ ವಾರ ನಮ್ಮ ಶಾಲೆಯ ವಾರ್ಷಿಕ ಗ್ಯಾದರಿಂಗ್ ಇತ್ತು. ಇಂಗ್ಲಿಷ್ ಪದ್ಯ ಹೇಳಿದ್ದಕ್ಕೆ ನನಗೆ ಮೊದಲ ಬಹುಮಾನ ಎಂದು ಹೇಳಿದ್ದರು. ಅಪ್ಪ ಡ್ಯೂಟಿ ಮೇಲೆ. ನೀನು ಮಿರಜಕ್ಕೆ ಹೋದರೆ ನನಗಾಗಿ ಅಲ್ಲಿ ಯಾರೂ ಕೂರುವುದಿಲ್ಲ ಎಂದು ಲೆಕ್ಕ ಹಾಕಿದೆ. ವೆಂಕಟಮ್ಮ ಮೊರ ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದಳು, ನೀನು ನಗುತ್ತಿದ್ದೆ. ಆ ಸಾಲಿನ ಮೇಲೆ ಹೆಬ್ಬೆರಳು ಇಟ್ಟು, "ಮಳೆ ಬೆಳೆ ಚೊಲೊ ಅದಾವು" ಅಂದೆ.

ನೀನು ಹಸಿರು ಇಳಕಲ್ ಸೀರೆಯುಟ್ಟು ಮೊದಲ ಸಾಲಿನಲ್ಲಿ ಕುಳಿತಿದ್ದೆ. ನನ್ನ ಪದ್ಯದ ಒಂದು ಮಾತೂ ನಿನಗೆ ತಿಳಿಯಲಿಲ್ಲ. ಮುಗಿಯಿತೆಂದು ಗೊತ್ತಾಗದೆ ಎಲ್ಲರೂ ಸುಮ್ಮನಿದ್ದಾಗ ಮೊದಲು ಚಪ್ಪಾಳೆ ಹೊಡೆದವಳು ನೀನೇ. ಅಷ್ಟು ಹೆಮ್ಮೆಯ ಮುಖವನ್ನು ನಾನು ಆಮೇಲೆ ನೋಡಿಲ್ಲ, ಈ ತಿಂಗಳು ಕನ್ನಡಿಯಲ್ಲಿ ನನ್ನದನ್ನು ನೋಡುವವರೆಗೆ. ದೊಡ್ಡವ್ವನನ್ನು ಆಪರೇಶನ್ನಿಗೆ ಒಳಗೆ ಒಯ್ದದ್ದು ಅದೇ ದಿನ ಎಂದು ನನ್ನ ಮದುವೆಯಲ್ಲಿ ಯೋಗಾನಂದಣ್ಣ ಹೇಳಿದ್ದ.

ಹತ್ತು ವರ್ಷದವಳು ಎಂದು ನೀನು ನನ್ನನ್ನು ಬಿಟ್ಟುಬಿಡಬಹುದು. ಆಮೇಲೆ ಇಪ್ಪತ್ತಾದೆ, ನಲವತ್ತಾದೆ, ಆಗಲೂ ಸುಮ್ಮನೇ ಇದ್ದೆ. "ಡಿಸೆಂಬರದಾಗ ಬಾ" ಎಂದು ನೀನು ಪೆನ್ಸಿಲು ಒತ್ತಿ ಬರೆದ ಅಕ್ಷರವನ್ನು ಗ್ಯಾರೇಜಿನ ಬಾಗಿಲಲ್ಲಿ ಓದಿದಾಗ ಮಾತ್ರ ಇನ್ನು ಆಗುವುದಿಲ್ಲ ಅನ್ನಿಸಿತು.

ಇಲ್ಲಿಂದ ಹುಬ್ಬಳ್ಳಿಗೆ ಕಾಗದ ಮುಟ್ಟಲು ಎರಡು ವಾರ ಹಿಡಿಯುತ್ತದಂತೆ, ಕೆಲವು ಸಲ ಮೂರು. ದೀಪಾವಳಿಗೆ ಇನ್ನು ಮೂರೇ ವಾರ. ಅಂಟಿಸಿದ ಮೇಲೆ ಈ ಸಲ ಕಾರಿನಲ್ಲಿ ಇಡುವುದಿಲ್ಲ. ನಾಳೆ ಬೆಳಿಗ್ಗೆ, ಆಫೀಸಿಗೆ ಹೋಗುವ ಮೊದಲು, ನಡೆದೇ ಹೋಗಿ ಹಾಕಿ ಬರುತ್ತೇನೆ: ಸೋಮವಾರ, 29 ಸೆಪ್ಟೆಂಬರ್ 2025.